ಅಕ್ಕನ ವ್ಯಾನಿನ ಹದಿನಾಲ್ಕು ವೋಲ್ಟ್

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7.10

ಬ್ಯಾಟರಿ 11.9 ವೋಲ್ಟ್. ನಿನ್ನೆ ಬೆಳಿಗ್ಗೆ ಫುಲ್ ಚಾರ್ಜ್ ಮಾಡಿ, 12.7 ನೋಡಿಯೇ ಕಳಿಸಿದ್ದೆ. ವ್ಯಾನು ಓಡುವಾಗ ತುಂಬಬೇಕಾದದ್ದು ಖಾಲಿಯಾಗುತ್ತಿದೆ. ಹೊಸ ಬ್ಯಾಟರಿ ಬೇರೆ. ಹಾಕಿ ಮೂರು ವಾರವೂ ಆಗಿಲ್ಲ.

ಅಕ್ಕ ಗ್ಯಾರೇಜಿನ ಸ್ಟೂಲಿನ ಮೇಲೆ ಟೀ ಹಿಡಿದು ಕೂತಿದ್ದಾಳೆ. ಕುಡಿಯುತ್ತಿಲ್ಲ. ನಿನ್ನೆ ಫಿಸಿಯೋಥೆರಪಿ ಸೆಂಟರಿನ ಬಾಗಿಲಲ್ಲೇ ವ್ಯಾನು ಮತ್ತೆ ಕೈಕೊಟ್ಟಿತಂತೆ. ವೀಲ್‌ಚೇರ್ ಹತ್ತಿಸುವಾಗ, ಇಳಿಸುವಾಗ ಎಂಜಿನ್ ಆಫ್ ಮಾಡಬೇಕು, ಅಲ್ಲಿಯ ನಿಯಮ. ಮನೆಗೆ ಹೊರಟ ಆರು ಜನರನ್ನು ಹತ್ತಿಸಿ ಕೀ ತಿರುಗಿಸಿದರೆ — ಟಕ್. ಅಷ್ಟೇ. ಒಂದೂವರೆ ಗಂಟೆ ಒಳಗೇ ಕೂತರಂತೆ ಪಾಪ.

ಮ್ಯಾನೇಜರು ಹೇಳಿದ್ದು: "ಇನ್ನೊಂದ್ಸಲ ಹೀಗಾದ್ರೆ ಬೇರೆ ಡ್ರೈವರ್‌ನ ನೋಡ್ಕೋತೀವಿ." ಬೇರೆ ಗಾಡಿಯನ್ನಲ್ಲ, ಡ್ರೈವರನ್ನು! ಹನ್ನೊಂದು ವರ್ಷ ಓಡಿಸಿದ್ದಾಳೆ.

"ಅವ್ರಿಗೆಲ್ಲ ನಾನೇ ಕಣೆ ಹೊರಗಡೆ ಪ್ರಪಂಚ. ನನ್ನ ಇಳಿಸ್ಬಿಟ್ರೆ ನಾನೇನ್ ಮಾಡ್ಲಿ?"

ಸರಿ ಮಾಡಿಕೊಡುತ್ತೇನೆ ಅಂದೆ. ಮೂರನೇ ಸಲ ಅನ್ನುತ್ತಿರುವುದು.

ಅದೇ ದಿನ, 12.30

ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 12.8. ಹೆಡ್‌ಲೈಟ್ ಹಾಕಿದರೆ 12.4. ಹದಿನಾಲ್ಕು ಇರಬೇಕಿತ್ತು. ಬ್ಯಾಟರಿ ತುಂಬುವ ಆಲ್ಟರ್ನೇಟರೇ ಕಳ್ಳ. ಬಿಚ್ಚಿಕೊಂಡು ವೈಂಡಿಂಗ್ ಮಾವನ ಅಂಗಡಿಗೆ ಹೋದೆ. ಸಂಬಂಧದಲ್ಲಿ ಮಾವನಲ್ಲ, ಈ ಬೀದಿಗೆಲ್ಲ ಮಾವ. ನನಗೆ ಮೀಟರ್ ಹಿಡಿಯಲು ಕಲಿಸಿದವರು.

ಟೆಸ್ಟ್ ಬೆಂಚಿಗೆ ಹಾಕಿ ತಿರುಗಿಸಿದರು. 14.3.

"ಇದಕ್ಕೇನೂ ಆಗಿಲ್ಲ ಮೀಟರಮ್ಮ."

ಇಲ್ಲ, ಆಗಿದೆ ಅಂತ ಪಟ್ಟು ಹಿಡಿದೆ. ನನ್ನ ಕಾಟಕ್ಕೆ ಒಳಗಿನ ಕಾರ್ಬನ್ ಬ್ರಷ್ ಹೊಸದು ಹಾಕಿಕೊಟ್ಟರು.

ಮಾರ್ಚ್ 6, ಗುರುವಾರ

ಅದೇ 12.8. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ದಪ್ಪ ವೈರನ್ನೂ ನೋಡಿದೆ, ಚೆನ್ನಾಗಿದೆ. ತಲೆ ಕೆಟ್ಟುಹೋಯಿತು. ಮಾವನ ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಬಾಯಿಗೆ ಬಂದದ್ದು ಅಂದೆ.

"ನಿಮ್ಮ ಬೆಂಚೇ ಸುಳ್ಳು ಹೇಳ್ತಿದೆ ಮಾವ. ನಿಮ್ಗೂ ಕಣ್ಣು ಮಂಜಾಗಿದೆ."

ಬೈಯಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ಅದು ಕೊಡ್ತಾನೇ ಇದೆ. ಅಲ್ಲಿಗೆ ತಲುಪ್ತಿಲ್ಲ, ಅಷ್ಟೇ. ಕರೆಂಟ್ ಹೋಗೋ ದಾರಿ ನೋಡ್ದೆ ಸರಿ. ವಾಪಸ್ ಬರೋ ದಾರಿ ನೋಡ್ದ್ಯಾ?"

ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಪಾಠ! ತಿರುಗಿ ನೋಡದೆ ಬಂದೆ.

ಮಾರ್ಚ್ 9, ಭಾನುವಾರ. 11.00

ಎರಡು ದಿನ ಬರೆಯಲಿಲ್ಲ. ಹಠ, ಇನ್ನೇನು. ಅಕ್ಕ ಮಧ್ಯಾಹ್ನ ಮಧ್ಯಾಹ್ನ ಬಂದು ಬ್ಯಾಟರಿಗೆ ಚಾರ್ಜರ್ ಹಾಕಿಸಿಕೊಂಡು ಹೇಗೋ ದಿನ ದೂಡಿದಳು.

ಇವತ್ತು ಗ್ಯಾರೇಜಿನಲ್ಲಿ ಯಾರೂ ಇಲ್ಲ. ಯಾರೂ ಇಲ್ಲವಲ್ಲ, ಸೋತರೂ ಗೊತ್ತಾಗುವುದಿಲ್ಲ ಅಂತ ಮಾವ ಹೇಳಿದ ದಾರಿ ಹಿಡಿದೆ. ಎಂಜಿನ್ ಆನ್, ಹೆಡ್‌ಲೈಟ್ ಆನ್. ಮೀಟರಿನ ಒಂದು ವೈರಿನ ತುದಿ ಎಂಜಿನ್ನಿನ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಸೊನ್ನೆಯ ಹತ್ತಿರ ಇರಬೇಕು.

1.8!

ಆ ಎರಡಕ್ಕೂ ನಡುವೆ ಒಂದು ಜಂಪರ್ ವೈರ್ ಸಿಕ್ಕಿಸಿದೆ. ಬ್ಯಾಟರಿ ಮೇಲೆ 14.1. ಒಬ್ಬಳೇ ಕಿರುಚಿಕೊಂಡೆ.

ಗಾಡಿಯ ಕೆಳಗೆ ನುಗ್ಗಿದೆ. ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ, ಕರೆಂಟ್ ವಾಪಸ್ ಬರುವ ದಾರಿ. ಬೋಲ್ಟ್ ಬಿಚ್ಚಿದರೆ ಅದರಡಿಯಲ್ಲಿ ಬೂದು ಬಣ್ಣ. ನುಣ್ಣಗೆ, ಎರಡು ಕೋಟ್.

ನನ್ನದೇ. ಹೋದ ತಿಂಗಳು ಚಾಸಿಯ ತುಕ್ಕು ಉಜ್ಜಿ ಬಣ್ಣ ಬಳಿದವಳು ನಾನು. ಒಂದು ಚುಕ್ಕೆ ಬಿಡಬಾರದು ಅಂತ ಪಟ್ಟಿಯನ್ನು ಬಿಚ್ಚಿ, ಅದರ ಜಾಗಕ್ಕೂ ಬಳಿದು, ಒಣಗಿಸಿ, ಮೇಲೆ ಬಿಗಿದಿದ್ದೆ. ಫೋಟೋ ಬೇರೆ ತೆಗೆದು ಎಲ್ಲರಿಗೂ ತೋರಿಸಿದ್ದೆ. ಬಣ್ಣ ತಡೆದು, ಬೋಲ್ಟಿನ ಥ್ರೆಡ್ಡಿನಲ್ಲಿ ನುಸುಳಿದಷ್ಟೇ ಕರೆಂಟು ಇಷ್ಟು ದಿನ. ನಾಚಿಕೆಯಾಯಿತು.

ಎಮೆರಿ ಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದೆ. 14.2.

ಸಂಜೆ 5.00

ಅಕ್ಕನಿಗೆ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ.

"ಅಷ್ಟು ಚಂದ ಮಾಡು ಅಂತ ನಿಂಗ್ಯಾರೇ ಹೇಳಿದ್ರು?"

ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. ಇಷ್ಟು ದಿನ ಎಷ್ಟು ಹೆದರಿದ್ದಳು ಅಂತ ಆಗ ಗೊತ್ತಾಯಿತು.

ಮಾವನ ಮನೆಗೂ ಹೋಗಿ ಬಣ್ಣದ ಕಥೆ ಹೇಳಿ ತಪ್ಪಾಯಿತು ಅಂದೆ. ಬಾಗಿಲು ಹಾಕಿಕೊಂಡು ಹತ್ತಿರ ಬಂದು ಪಿಸುಗುಟ್ಟಿದರು: "ನಾನೂ ಒಂದ್ಸಲ ಬಳ್ದಿದ್ದೆ ಕಣಮ್ಮ. ಯಾರ್ಗೂ ಹೇಳ್ಬೇಡ."

ಮಾರ್ಚ್ 10, ಸೋಮವಾರ. 9.20

ಮ್ಯಾನೇಜರಿಗೆ ಒಂದು ಚೀಟಿ ಬರೆದು ಕಳಿಸಿದ್ದೇನೆ. ತಪ್ಪು ಡ್ರೈವರಿನದಲ್ಲ, ರಿಪೇರಿ ಮಾಡಿದ ನನ್ನದು ಅಂತ. ಕೆಳಗೆ ಸಹಿ. ಅಕ್ಕ ಬೇಡ ಅಂದಳು, ಕೇಳಲಿಲ್ಲ.

ಏಳೂವರೆಗೆ ಹೊರಟಳು. ಆಗಿನಿಂದ ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ.

ಫೋನ್. ಅವಳೇ.

"ಸೆಂಟರ್ ಬಾಗ್ಲಲ್ಲಿದೀನಿ. ಎಲ್ರೂ ಇಳಿದ್ರು. ಎಂಜಿನ್ ಆಫ್. ಮ್ಯಾನೇಜರು ನಿನ್ನ ಚೀಟಿ ಹಿಡ್ಕೊಂಡು ಇಲ್ಲೇ ನಿಂತಿದಾರೆ. ಕೀ ತಿರುಗಿಸ್ತೀನಿ, ಕೇಳಿಸ್ಕೋ."

ಫೋನು ಕಿವಿಯಲ್ಲಿ, ಪೆನ್ನು ಕೈಯಲ್ಲಿ.

ಸ್ಟಾರ್ಟ್! ಒಂದೇ ಸಲಕ್ಕೆ. ಅಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ. ಆಫ್ ಮಾಡಿದಳು. ಮತ್ತೆ ಸ್ಟಾರ್ಟ್. ಮತ್ತೆ ಆಫ್.

"ಸಾಕು ಅಕ್ಕ, ಗೊತ್ತಾಯ್ತು."

"ಸುಮ್ನಿರೇ. ಇನ್ನೊಂದ್ಸಲ —"