ಹಿಂದಿನ ಹೆಗಲಿನವನು

ಆಲ್ಕ್‌ಮಾರ್,
14 ಸೆಪ್ಟೆಂಬರ್ 1924

ಪ್ರೀತಿಯ ಗೆಳೆಯ ಯೋರಿಸ್,

ನೀನು ಮಗಳ ಮನೆ ಸೇರಿ ಆರು ವಾರವಾಯಿತು, ನನ್ನಿಂದ ಒಂದು ಸಾಲೂ ಬರಲಿಲ್ಲ. ಬೈದುಕೊಂಡಿರುತ್ತೀಯ. ಬೈಯಿ, ಪರವಾಗಿಲ್ಲ. ಚೀಸ್ ಹೊರುವ ಕೈಗೆ ಲೇಖನಿ ಭಾರವೆಂದು ನೆಪ ಹೇಳಿದರೆ ನನ್ನ ಹೆಂಡತಿ ನೀಲ್ತ್ಯೆಯೇ ನಗುತ್ತಾಳೆ.

ಈ ಶುಕ್ರವಾರ ಸಂತೆ ಜೋರಾಗಿತ್ತು. ಒಬ್ಬ ವ್ಯಾಪಾರಿ ಚೀಸ್ ಕೊರೆದು ಮೂಸಿ, ಇದಕ್ಕಿಂತ ನಮ್ಮತ್ತೆ ಕಾಯಿಸುವ ಸಾಬೂನು ವಾಸಿ ಅಂದನಂತೆ. ಆಮೇಲೆ ರೈತನ ಕೈಗೆ ಕೈ ಬಡಿದು ಬಡಿದು ಚೌಕಾಸಿ ಮಾಡಿ ಇಡೀ ರಾಶಿ ಕೊಂಡವನೂ ಅವನೇ.

ನಾವಿಬ್ಬರೂ ಚೀಸ್ ಹೊರುತ್ತಿದ್ದ ಅಡ್ಡೆಗೆ ಈಗ ಮುಂದಿನಿಂದ ವಿಗರ್ ಹೆಗಲು ಕೊಡುತ್ತಾನೆ. ಒಳ್ಳೆಯವನೇ. ಆದರೆ ಹತ್ತೊಂಬತ್ತು ವರ್ಷ ನಿನ್ನ ಬೆನ್ನು ನೋಡಿಕೊಂಡು ನಡೆದವನಿಗೆ ಇನ್ನೊಬ್ಬನ ಬೆನ್ನು ಎಲ್ಲಿ ಒಗ್ಗಬೇಕು?

ಆವತ್ತು ತೂಕದ ಮನೆಯೆದುರು ನೀನು ಮುಗ್ಗರಿಸಿ, ಎಂಬತ್ತು ಚೀಸ್ ಉಂಡೆಗಳು ಕಾಲುವೆಯವರೆಗೂ ಉರುಳಿ, ನಿನ್ನ ಹೆಸರು ತಪ್ಪು ಮಾಡಿದವರ ಹೆಸರು ಬರೆಯುವ ಸಂಘದ ಅವಮಾನದ ಹಲಗೆಗೆ ಏರಿದ್ದು ನಮ್ಮಲ್ಲಿ ಯಾರಿಗೂ ಹಿಡಿಸಿರಲಿಲ್ಲ. ಎಲ್ಲರೆದುರು ತಪ್ಪೊಪ್ಪಿಕೊಂಡರೆ ಮಾತ್ರ ಕೆಲಸದ ಹಸಿರು ಟೋಪಿ ವಾಪಸು ಎಂದು ನಮ್ಮ ಹೊರೆಯಾಳುಗಳ ಸಂಘದ ಯಜಮಾನರು ಹಟ ಹಿಡಿದಿದ್ದರು. ನೀನು ಅದಕ್ಕೂ ತಯಾರಿದ್ದೀಯೆಂದು ನಿನ್ನ ಮಗಳು ಬರೆದಿದ್ದಳು. ಅದನ್ನೋದಿ ನೀಲ್ತ್ಯೆ ಅತ್ತಳು. ಈಗ ಆ ಮಾತು ಬದಲಾಗಿದೆ. ಏನನ್ನೂ ಒಪ್ಪಿಕೊಳ್ಳಬೇಡ, ಸುಮ್ಮನೆ ಬಂದು ಟೋಪಿ ಹಾಕಿಕೋ.

ನಿನ್ನ ಮುಂಗೈಯ ಏಟು ಬೇಗ ಮಾಯಲಿ. ಮೊಮ್ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ.

ನಿನ್ನ,
ಸೀಮೆನ್

ತಾ.ಕ.: ಇಷ್ಟೆಲ್ಲ ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಯೋರಿಸ್, ಆವತ್ತು ಹೆಜ್ಜೆ ತಪ್ಪಿಸಿದವನು ನಾನು. ಚಳಿಗಾಲದಿಂದಲೇ ನನ್ನ ಮಂಡಿ ಹಿಡಿದುಕೊಳ್ಳುತ್ತಿತ್ತು. ಗೊತ್ತಾದರೆ ಕೆಲಸ ಹೋಗುತ್ತದೆಂದು ನಿನಗೂ ಹೇಳಿರಲಿಲ್ಲ. ಹಿಂದಿನವನು ಕಾಲು ಬದಲಿಸಿದರೆ ಬೀಳುವವನು ಮುಂದಿನವನು, ಜನ ನೋಡುವುದು ಬಿದ್ದವನನ್ನು. ಮೊನ್ನೆ ವಿಗರ್ ಕೂಡ ಮುಗ್ಗರಿಸಿದ. ತಿರುಗಿ ನೋಡಿ, "ಸೀಮೆನಣ್ಣ, ಹಿಂದಿಂದ ಎಳ್ದಂಗಾಯ್ತಲ್ಲ?" ಅಂದ. ನಾನು ನೇರ ಯಜಮಾನರ ಹತ್ತಿರ ಹೋಗಿ, ಟೋಪಿ ಮೇಜಿನ ಮೇಲಿಟ್ಟು, ಎಲ್ಲ ಹೇಳಿಬಿಟ್ಟೆ. ಹಲಗೆಯ ಮೇಲೆ ಈಗ ನನ್ನ ಹೆಸರಿದೆ.

ಅದನ್ನು ಹೇಗೋ ತಡೆದುಕೊಳ್ಳುತ್ತೇನೆ. ಆದರೆ ಆವತ್ತು ನೀನು ಕಲ್ಲಿನ ಮೇಲೆ ಕೂತು, ರಕ್ತ ಒರೆಸಿಕೊಳ್ಳುತ್ತಾ, "ನಿನ್ನೂ ಬೀಳಿಸಿಬಿಡ್ತಿದ್ನಲ್ಲೋ, ಕ್ಷಮಿಸು ಮಾರಾಯ" ಅಂದೆ. ನಾನು ನಿನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡು, ಕ್ಷಮಿಸಿದೀನಿ" ಅಂದೆ.