ಕೊಳದ ಬರಹದ ಕೆಳಗೆ ನಿಮ್ಮ ಹೆಸರು

ಪ್ರೀತಿಯ ಮೇಷ್ಟ್ರೇ,

ಗಂಡಸಿಯ ನಿಮ್ಮ ಮನೆ ಜಗಲಿಯಲ್ಲಿ ಕೂತು ಹಳೇಬೀಡಿನ ಹತ್ತಿರದ ಹುಲಿಕೆರೆಯ ಹಳೇ ಮೆಟ್ಟಿಲು ಕೊಳದ ಬಗ್ಗೆ ಬರೆದ ಆ ಭಾನುವಾರಗಳು ನೆನಪಿವೆಯಾ? ನೀವು ನೋಟ್‌ಬುಕ್ ನೋಡಿ ಅಳತೆ ಓದೋದು, ನಾನು ಟೈಪ್ ಮಾಡೋದು. ಅಂತರ್ಜಾಲದ ವಿಶ್ವಕೋಶದವರು ಲೇಖಕರ ಹೆಸರು ಕೇಳಿದಾಗ ನನ್ನದನ್ನು ಸಲೀಸಾಗಿ ಬರೆದೆ. ನಿಮ್ಮದನ್ನು ಬರೀ ಹೆಸರಾಗಿ ಹಾಕೋಕೆ ಕೈ ಬರಲಿಲ್ಲ. ಏಳನೇ ಕ್ಲಾಸಿನಿಂದ ನಿಮ್ಮ ಹೆಸರು ಹಿಡಿದು ಮಾತಾಡಿದವಳೇ ಅಲ್ಲವಲ್ಲ ನಾನು. 'ನಮ್ಮ ಪೂಜ್ಯ ಮೇಷ್ಟ್ರು' ಅಂತ ಬರೆದೆ. ಸಂಪಾದಕಿ ಅದು ಯಾರ ಹೆಸರೂ ಅಲ್ಲ ಅಂತ ತೆಗೆದುಹಾಕಿ, ನನ್ನೊಬ್ಬಳ ಹೆಸರಲ್ಲೇ ಪ್ರಕಟಿಸಿಬಿಟ್ಟರು. ಮರ್ಯಾದೆ ಕೊಡಲು ಹೋಗಿ ನಿಮ್ಮನ್ನೇ ಅಳಿಸಿಬಿಟ್ಟೆನಲ್ಲ...

ಅದನ್ನು ನಿಮಗೆ ಫೋನಿನಲ್ಲಿ ತೋರಿಸಿದ ದಿನ ಮರೆಯೋಕಾಗಲ್ಲ. "ಚೆನ್ನಾಗೈತೆ ಕಣಮ್ಮ ಸುಧಾ, ಬಿಡು" ಅಂದಿರಿ. ಆದರೆ ಬೆರಳಿನಿಂದ ಇನ್ನೊಂದು ಸಲ ಕೆಳಗಿನ ತನಕ ಸರಿಸಿ ನೋಡಿದಿರಿ. ನಾನು ಕಂಡೂ ಕಾಣದ ಹಾಗೆ ಕೂತಿದ್ದೆ. ಮುಂದಿನ ವಾರ ಸರಿ ಮಾಡಿಸ್ತೀನಿ ಅಂತ ಹೇಳಿ ಅರಸೀಕೆರೆಗೆ ಬಂದವಳು ಕಾಲೇಜಿನ ಪರೀಕ್ಷೆ ಕೆಲಸದಲ್ಲಿ ಮುಳುಗಿಹೋದೆ. ಅಷ್ಟರಲ್ಲಿ ನೀವು... ಅವತ್ತು ಅತ್ತಿದ್ದಕ್ಕಿಂತ ನನ್ನ ಮೇಲೆ ಸಿಟ್ಟು ಮಾಡಿಕೊಂಡದ್ದೇ ಹೆಚ್ಚು.

ಹೋದ ತಿಂಗಳು ಧೈರ್ಯ ಮಾಡಿ ಸಂಪಾದಕಿಗೆ ಫೋನ್ ಮಾಡಿದೆ. ತೀರಿಕೊಂಡವರ ಹೆಸರು ಸೇರಿಸಬೇಕಾದರೆ ಅವರ ಕೆಲಸಕ್ಕೆ ದಾಖಲೆ ಬೇಕು, ಮನೆಯವರೊಬ್ಬರು ಹೌದು ಅನ್ನಬೇಕು ಅಂದರು. ಗಂಡಸಿ ಬಸ್ಸು ಹತ್ತಿದೆ. ನಿಮ್ಮ ಹೆಂಡತಿ ಗಿರಿಜಮ್ಮನವರು ಆ ನೋಟ್‌ಬುಕ್ ತಂದುಕೊಟ್ಟರು. ತೆರೆದು ನೋಡಿದರೆ ಒಂದು ಪುಟದಲ್ಲೂ ನಿಮ್ಮ ಅಕ್ಷರವಿಲ್ಲ.

"ಅದು ನಂದೇ ಕಣೇ," ಅಂದರು ಗಿರಿಜಮ್ಮನವರು. "ಇವರಿಗೆ ಮಂಡಿ ನೋವಲ್ವಾ, ಮೇಲಿನ ಮೆಟ್ಟಿಲಲ್ಲಿ ಕೂತು ಎಲ್ಲೆಲ್ಲಿ ಅಳೀಬೇಕು ಅಂತ ಹೇಳೋರು. ಟೇಪು ಹಿಡ್ಕಂಡು ನೀರಿನ ತಂಕ ಇಳೀತಿದ್ದವಳು ನಾನು."

ಅಲ್ಲ ಮೇಷ್ಟ್ರೇ, ಒಂದು ದಿನವಾದರೂ ಇದನ್ನು ಬಾಯಿ ಬಿಟ್ಟು ಹೇಳಿದಿರಾ? ಕಾಫಿ ಲೋಟ ಇಟ್ಟು ಒಳಗೆ ಹೋಗುತ್ತಿದ್ದ ಅವರನ್ನು ನಾನಾದರೂ ಒಂದು ಮಾತು ಕೇಳಿದೆನಾ? ಗುರುವಿಗೆ ತಕ್ಕ ಶಿಷ್ಯೆ ಆದೆ ಬಿಡಿ.

ಅಲ್ಲೇ ಕೂತು ಪುಟಗಳ ಫೋಟೋ ಕಳಿಸಿ, ಮತ್ತೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಈ ಕೆಲಸ ಮಾಡಿದ್ದು ಯಾರ್ಯಾರು, ಅವರ ಹೆಸರು ನೀವೇ ಹೇಳಿ ಅಂತ ಸಂಪಾದಕಿ ಗಿರಿಜಮ್ಮನವರನ್ನು ಕೇಳಿದರು. ಅವರು ಸೆರಗು ಸರಿಮಾಡಿಕೊಂಡರು. ಮದುವೆಯಾದಾಗಿನಿಂದ 'ಇವರು' ಅನ್ನೋದು ಬಿಟ್ಟರೆ ನಿಮ್ಮ ಹೆಸರು ಅವರ ಬಾಯಿಂದ ಬಂದದ್ದೇ ಇಲ್ಲ. ನಾನೇ ಹೇಳಿಬಿಡೋಣ ಅಂತ ಮುಂದೆ ಬಗ್ಗಿದೆ.

"ತಾಳು ಕಣೇ," ಅಂದರು. "ನಾನು ಹೇಳಿದ್ರೆ ತಾನೇ ಅವರು ಹಾಕೋದು."

ನಿಮಗೆ ತಿಳಿಸಬೇಕಾದ ಸುದ್ದಿ ಇದೇ. ಆ ಬರಹದ ಕೆಳಗೆ ಈಗ ಮೂರು ಹೆಸರುಗಳಿವೆ, ನನ್ನದು ಕೊನೆಗೆ, ಗಿರಿಜಮ್ಮನವರದು ನಡುವೆ. ಮೊದಲನೆಯದನ್ನು ಅವರು ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡು, ಬಿಡಿಸಿ ಬಿಡಿಸಿ ಹೇಳಿದರು: "ಚನ್ನಬಸಪ್ಪ." ಆಮೇಲೆ ಇನ್ನೊಂದು ಸಲ ಹೇಳಿದರು. ಎರಡನೇ ಸಲ ಹೇಳಿ ಅಂತ ಯಾರೂ ಕೇಳಿರಲಿಲ್ಲ.

ನಿಮ್ಮ ಶಿಷ್ಯೆ,
ಸುಧಾ