ಅಪ್ಪನ ಹೂಂ ಅಂದರೆ ಹೂಂ ಅಲ್ಲ

ಲಕ್ಷ್ಮೀಪುರಂ, ಮೈಸೂರು
೧೨ ಫೆಬ್ರವರಿ ೧೯೬೪

ಪ್ರೀತಿಯ ಅಣ್ಣಾ,

ನೀನು, ಅತ್ತಿಗೆ, ಪುಟ್ಟಿ ಎಲ್ಲರೂ ಹೇಗಿದ್ದೀರಿ? ಭಿಲಾಯಿಯ ಚಳಿ ಇಳಿಯಿತೇ? ಪುಟ್ಟಿಯ ಕೆಮ್ಮು ಇನ್ನೂ ಹೋಗಿಲ್ಲ ಅಂತ ಅತ್ತಿಗೆ ಬರೆದಿದ್ದರು. ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಜೇನಿನ ಜೊತೆ ನೆಕ್ಕಿಸಬೇಕಂತೆ, ಆ ಊರಲ್ಲಿ ದೊಡ್ಡಪತ್ರೆ ಸಿಗದಿದ್ದರೆ ಹಸಿಶುಂಠಿಯಾದರೂ ಆದೀತಂತೆ. ನೀನು ಕುಲುಮೆಯ ಮುಂದೆ ನಿಲ್ಲುವವನು, ಮಧ್ಯಾಹ್ನ ತಪ್ಪದೆ ಮಜ್ಜಿಗೆ ಕುಡಿಯಬೇಕಂತೆ. ಇಷ್ಟು ಅಮ್ಮ ಪಕ್ಕದಲ್ಲಿ ಕೂತು ಹೇಳಿ ಬರೆಸಿದ್ದು. ಈಗ ಅವರು ಒಲೆಯ ಕಡೆ ಎದ್ದು ಹೋದರು. ಇಲ್ಲಿಂದ ಮುಂದೆ ಬರೆಯುವವಳು ನಾನು, ಆದ್ದರಿಂದ ಸ್ವಲ್ಪ ಗಟ್ಟಿಯಾಗಿ ಕೂತುಕೊಂಡು ಓದು.

ಅಪ್ಪನನ್ನು ಆಶ್ರಮಕ್ಕೆ ಸೇರಿಸುವ ಬಗ್ಗೆ ನೀನು ದೊಡ್ಡಪ್ಪನಿಗೆ ಬರೆದ ಕಾಗದವನ್ನು ದೊಡ್ಡಪ್ಪ ಜಗಲಿಯಲ್ಲಿ ನಿಂತು ನಮಗೆಲ್ಲ ಓದಿ ಹೇಳಿದರು. ‘ತಾವು ಹಿರಿಯರು, ಕಣ್ಣಾರೆ ನೋಡುತ್ತಿರುವವರು. ಅಪ್ಪನೂ ಒಪ್ಪಿದ್ದಾರೆ ಎಂದ ಮೇಲೆ ನನ್ನದೇನೂ ಅಡ್ಡಿಯಿಲ್ಲ. ಆಶ್ರಮದವರು ಚೆನ್ನಾಗಿ ನೋಡಿಕೊಂಡಾರು.’ ಅಪ್ಪನೂ ಒಪ್ಪಿದ್ದಾರೆ! ಅಣ್ಣಾ, ಆ ಒಂದು ಮಾತು ಕೇಳಿ ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಯಾರ ಮುಂದೆ ಒಪ್ಪಿದರು? ಯಾವ ಮಾತಿನಲ್ಲಿ ಒಪ್ಪಿದರು? ಇಷ್ಟು ಕೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ಲವೇ?

ಅಪ್ಪನಿಗೆ ಲಕ್ವ ಹೊಡೆದಾಗ ನೀನು ಬಂದಿದ್ದೆ, ಹದಿನೈದು ದಿನ ಇದ್ದೆ, ಬಲಗೈ ಬಿದ್ದುಹೋಗಿದ್ದನ್ನು ನೋಡಿದೆ. ಮಾತು ನಿಂತಿದ್ದನ್ನೂ ನೋಡಿದೆ. ಅರಮನೆಯ ಕುದುರೆ ಲಾಯದಲ್ಲಿ ಮೂವತ್ತು ವರ್ಷ ಮೇಲ್ವಿಚಾರಣೆ ಮಾಡಿದ ಗೋವಿಂದರಾಜು, ಒಂದು ಗದರಿಕೆಗೆ ಸವಾರರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದ ಮನುಷ್ಯ, ‘ನೀರು’ ಅನ್ನಲಾರದೆ ತುಟಿ ಅಲುಗಿಸುತ್ತ ಮಲಗಿದ್ದರು. ನೀನು ರೈಲು ಹತ್ತಿದ ಮೇಲೆ ಎರಡು ಮಾತು ಬಂದವು. ಒಂದು ‘ಹೂಂ’, ಇನ್ನೊಂದು ‘ಬೇಡ’. ಮಾತು ಬಂತು ಅಂತ ಅಮ್ಮ ನಂಜುಂಡೇಶ್ವರನಿಗೆ ತುಪ್ಪದ ದೀಪ ಹಚ್ಚಿಸಿದರು. ಆಮೇಲೆ ನೋಡಿದರೆ ಆ ಎರಡೂ ಅದಲುಬದಲು. ಕಾಫಿ ಬೇಕಾ ಅಂದರೆ ‘ಬೇಡ, ಬೇಡ’ ಅಂತ ಲೋಟಕ್ಕೆ ಕೈ ಚಾಚುವರು. ಕಂಬಳಿ ಹೊದಿಸಲಾ ಅಂದರೆ ‘ಹೂಂ’ ಅಂತ ಕಾಲಲ್ಲಿ ಒದ್ದು ತೆಗೆಯುವರು. ಕೆಲವೊಮ್ಮೆ ಸರಿಯಾಗಿಯೂ ಬರುತ್ತಿತ್ತು, ಅದೇ ಇನ್ನೂ ತೊಂದರೆ. ತಾನು ಅಂದುಕೊಂಡದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು ಅಂತ ಅವರಿಗೇ ಗೊತ್ತಾಗುತ್ತಿತ್ತು. ಆಗ ಎಡಗೈಯಲ್ಲಿ ತಲೆ ಬಡಿದುಕೊಳ್ಳುವರು. ದೊಡ್ಡಪ್ಪ ಅದನ್ನು ನೋಡಿ, ‘ಪಾಪ, ಬುದ್ಧಿ ಪೂರ್ತಿ ಕೆಟ್ಟುಬುಡ್ತು ಕಣಮ್ಮ’ ಅನ್ನುವರು, ಅದೂ ಅಪ್ಪನ ಎದುರಿಗೇ, ಗೋಡೆಯ ಎದುರು ಮಾತಾಡಿದ ಹಾಗೆ.

ನಾನು ಎಂ.ಎ. ಮುಗಿಸಿ ಸಂಶೋಧನೆಗೆ ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಅಂತ ನೀನು ಕೇಳಿದ್ದೆ. ಇದಕ್ಕೇ ಆರಿಸಿಕೊಂಡೆ. ಈ ಕಾಯಿಲೆಗೆ ಅಫೇಸಿಯಾ ಅನ್ನುತ್ತಾರೆ. ಮಿದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿರುತ್ತದೆ, ಮನುಷ್ಯ ಮಾತ್ರ ಒಳಗೆ ಇದ್ದ ಹಾಗೇ ಇರುತ್ತಾನೆ. ಆಸ್ಪತ್ರೆಯ ವಾರ್ಡಿನಲ್ಲಿ ಇಂಥವರನ್ನು ದಿನಾ ನೋಡುತ್ತೇನೆ. ಹಿನಕಲ್ಲಿನ ಜವರಯ್ಯ ಅಂತ ಒಬ್ಬ ರೈತ ಇದ್ದಾನೆ. ನೇಗಿಲಿನ ಚಿತ್ರ ತೋರಿಸಿದರೆ ಬಾಯಿ ತೆರೆದು ಒದ್ದಾಡುತ್ತಾನೆ, ಒಂದಕ್ಷರ ಬರುವುದಿಲ್ಲ. ಆದರೆ ಯಾರೋ ಅವನ ಗಂಜಿ ಚೆಲ್ಲಿದಾಗ, ‘ಕಣ್ ಕಾಣಾಕಿಲ್ವಾ ನಿಂಗೆ!’ ಅಂತ ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದ. ಆಮೇಲೆ ತಾನೇ ಬೆರಗಾಗಿ ಕೂತ. ಬೆಟ್ಟಮ್ಮ ಅಂತ ಸೊಪ್ಪು ಮಾರುತ್ತಿದ್ದ ಹೆಂಗಸು, ಅವಳಿಗೆ ಏನು ತೋರಿಸಿದರೂ ‘ಸೊಪ್ಪು’. ಬಾಚಣಿಗೆ ಕೊಟ್ಟರೆ ‘ಸೊಪ್ಪು’ ಅನ್ನುತ್ತಲೇ ಅಚ್ಚುಕಟ್ಟಾಗಿ ಬೈತಲೆ ತೆಗೆದು ತಲೆ ಬಾಚಿಕೊಂಡಳು. ಬಾಚಣಿಗೆ ಏನಕ್ಕೆ ಅಂತ ಗೊತ್ತಿಲ್ಲದವಳು ಬೈತಲೆ ತೆಗೆಯುತ್ತಾಳೇನು? ಅವಳ ಮಂಚದ ತಲೆಗೆ ಮಾತ್ರ ‘ಬುದ್ಧಿಮಾಂದ್ಯ’ ಅಂತ ಚೀಟಿ ತಗುಲಿಸಿದ್ದರು. ತೆಗೆಸಿ ಅಂತ ನಾನು ಮೇಲಿನವರ ಜೊತೆ ಜಗಳ ಆಡಿದೆ. ಹೆಣ್ಣುಮಗಳಿಗೆ ಇಷ್ಟು ಬಾಯಿ ಇರಬಾರದು ಅನ್ನಿಸಿಕೊಂಡೆ. ಅನ್ನಿಸಿಕೊಂಡರೆ ಅನ್ನಿಸಿಕೊಂಡೆ, ಚೀಟಿ ಹೋಯಿತು.

ನನ್ನ ಪ್ರೊಫೆಸರರ ಕಥೆ ಇನ್ನೊಂದು. ಇಂಗ್ಲಿಷ್ ಪುಸ್ತಕದ ಪರೀಕ್ಷೆಯನ್ನು ಕನ್ನಡ ಮಾಡಿ ಕೇಳು ಅಂದರು. ಅದರಲ್ಲಿ ಏನೇನಿದೆ ಅಂತೀಯ? ಹಿಮದಲ್ಲಿ ಮಾಡಿದ ಗೊಂಬೆ! ಹೊಗೆಗೂಡು ಉಜ್ಜುವ ಕುಂಚ! ಲಕ್ವ ಹೊಡೆಯುವ ಮೊದಲೇ ಕೇಳಿದ್ದರೂ ಜವರಯ್ಯ ಸೋಲುತ್ತಿದ್ದ. ನಾನು ರಾಗಿಕಲ್ಲು, ಕೊಡ, ಎತ್ತಿನ ಕೊರಳ ಗಂಟೆ ಅಂತ ಬೇರೆ ಚಿತ್ರ ಬರೆದುಕೊಂಡು ಹೋದೆ. ಅವರಿಗೆ ಅದು ಶಾಸ್ತ್ರೀಯವಲ್ಲವಂತೆ.

ಇರಲಿ, ಅಪ್ಪನ ವಿಷಯಕ್ಕೆ ಬರುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ದಿನ ಖಾಸಿಂ ಸಾಬರು ಬಂದರು. ನಿನಗೆ ಜ್ಞಾಪಕ ಇದೆಯಲ್ಲ, ಲಾಯದಲ್ಲಿ ಕುದುರೆ ಪಳಗಿಸುತ್ತಿದ್ದವರು. ಅಪ್ಪನನ್ನು ಆ ಸ್ಥಿತಿಯಲ್ಲಿ ನೋಡಲಾರೆ ಅಂತ ಅಷ್ಟು ದಿನ ಬಂದಿರಲಿಲ್ಲವಂತೆ. ಜಗಲಿಗೆ ಬಂದು ಎಂದಿನ ಹಾಗೆ, ‘ಕೈಸೇ ಹೈಂ, ಸಾಬ್?’ ಅಂದರು. ಅಪ್ಪ ಮುಖ ಎತ್ತಿದರು. ತುಟಿ ಒಂದೆರಡು ಸಲ ಅಲುಗಿತು. ಆಮೇಲೆ, ‘ಬೈಠೋ... ಬೈಠೋ ಮಿಯಾ... ಘೋಡೇ ಕೈಸೇ?’ ಅಂದುಬಿಟ್ಟರು. ಕೂತುಕೋ ಮಾರಾಯ, ಕುದುರೆಗಳು ಹೇಗಿವೆ ಅಂತ! ವರ್ಷಕ್ಕೂ ಮೇಲೆ ‘ಹೂಂ’, ‘ಬೇಡ’ ಬಿಟ್ಟು ಬೇರೆ ಮಾತೇ ಇಲ್ಲದ ಬಾಯಿಂದ. ಸಾಬರು ತಲೆಯ ಟೋಪಿ ಕೈಗೆ ತೆಗೆದುಕೊಂಡು ಸಣ್ಣ ಮಗುವಿನ ಹಾಗೆ ಅತ್ತರು. ಒಳಗಿನಿಂದ ಅಮ್ಮ ಓಡಿ ಬಂದರು, ಮಡಿಸೀರೆಯಲ್ಲೇ, ಹೊಸಿಲು ದಾಟಿದ್ದು ತಮಗೇ ಗೊತ್ತಿಲ್ಲದೆ.

ಅಪ್ಪನ ಕನ್ನಡ ಸಿಕ್ಕಿಕೊಂಡಿದೆ, ಲಾಯದ ಉರ್ದು ಉಳಿದಿದೆ. ಯಾಕೆ ಹೀಗೆ ಅಂತ ಯಾರಿಗೂ ಪೂರ್ತಿ ತಿಳಿಯದು. ಬೇರೆ ದೇಶಗಳಲ್ಲೂ ಎರಡು ಮೂರು ಭಾಷೆ ಬಲ್ಲವರಿಗೆ ಹೀಗೆ ಆದದ್ದುಂಟು ಅಂತ ಓದಿದ್ದೇನೆ. ನಾನು ಸಾಬರ ಹತ್ತಿರ ಒಂದಿಷ್ಟು ಮಾತು ಕಲಿತು ಅಪ್ಪನನ್ನು ದಿನಾ ಪರೀಕ್ಷೆ ಮಾಡಿದೆ. ಅದೇ ಚಿತ್ರ, ಅದೇ ಪ್ರಶ್ನೆ, ಒಂದು ದಿನ ಕನ್ನಡದಲ್ಲಿ, ಒಂದು ದಿನ ಅವರ ಉರ್ದುವಿನಲ್ಲಿ. ಕನ್ನಡದಲ್ಲಿ ಕೇಳಿದರೆ ಹೂಂ ಯಾವುದೋ ಬೇಡ ಯಾವುದೋ, ನಂಬುವ ಹಾಗಿಲ್ಲ. ‘ಹೋನಾ?’ ಅಂತ ಕೇಳಿದರೆ ಬೇಕಾದ್ದಕ್ಕೆ ‘ಹೋನಾ’, ಬೇಡವಾದ್ದಕ್ಕೆ ‘ನಕ್ಕೋ’. ತಿಂಗಳುಗಟ್ಟಲೆ ಕೇಳಿದ್ದೇನೆ ಅಣ್ಣ, ಒಂದು ಸಲವೂ ತಪ್ಪಿಲ್ಲ. ಅಮ್ಮನೂ ಕಲಿತುಬಿಟ್ಟರು. ದೇವರ ಮನೆಯಿಂದ ಎದ್ದು ಬಂದು, ‘ಪಾನೀ ಹೋನಾ ಕಣ್ರೀ?’ ಅಂತಾರೆ. ಅಪ್ಪ ಆ ‘ಕಣ್ರೀ’ಗೆ ನಗುತ್ತಾರೆ. ಅಪ್ಪ ನಕ್ಕಿದ್ದು ನೀನು ಎಷ್ಟು ದಿನದ ಹಿಂದೆ ನೋಡಿದ್ದೆ?

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ, ಕೈ ಮುಗಿದು ಹೇಳಿದೆ. ಅವರ ಕಿವಿಗೆ ಬಿದ್ದದ್ದು ಒಂದೇ: ತಮ್ಮನ ಮೈಮೇಲೆ ಯಾವನೋ ಸಾಬಿಯ ಪಿಶಾಚಿ ಬಂದಿದೆ. ಯಾರನ್ನೋ ಕರೆಸಿ ಮೆಣಸಿನಕಾಯಿ ಹೊಗೆ ಹಾಕಿಸಿದರು. ಅಪ್ಪ ಕೆಮ್ಮಿ ಕೆಮ್ಮಿ ನೀಲಿಯಾದರು. ಖಾಸಿಂ ಸಾಬರಿಗೆ, ಇನ್ನು ಇತ್ತ ಬರಬೇಡಿ ಅಂತ ಗೇಟಿನಲ್ಲೇ ಹೇಳಿ ಕಳಿಸಿದರು. ಇದಕ್ಕೆಲ್ಲ ಕಾರಣ ಏನು ಅಂತ ನಿನಗೆ ಅವರು ಬರೆದಿರಲಾರರು, ನಾನು ಬರೆಯುತ್ತೇನೆ. ಅವರ ಮಗಳು ಸರೋಜಳನ್ನು ನೋಡುವುದಕ್ಕೆ ಗಂಡಿನ ಕಡೆಯವರು ಬರುತ್ತಾರೆ. ಬಂದಾಗ ಜಗಲಿಯಲ್ಲಿ ಹುಡುಗಿಯ ಚಿಕ್ಕಪ್ಪ ಕೂತು ಉರ್ದುವಿನಲ್ಲಿ ಕುದುರೆ ಯೋಗಕ್ಷೇಮ ಕೇಳಿದರೆ ಮಾನ ಹೋಗುತ್ತದೆ. ಅದಕ್ಕೆ ಆಶ್ರಮ. ಅಲ್ಲಿ ಯಾರನ್ನು ಇಡುತ್ತಾರೆ ಗೊತ್ತೇ? ಬುದ್ಧಿ ಕಲಕಿದವರನ್ನು, ಮನೆಯವರಿಗೆ ಬೇಡವಾದವರನ್ನು. ಊರಿಂದ ದೂರ, ಬೇಲಿಯ ಒಳಗೆ. ಸರೋಜಳ ಮೇಲೆ ನನಗೆ ಸಿಟ್ಟಿಲ್ಲ. ‘ಚಿಕ್ಕಪ್ಪ ಇಲ್ಲದ ಮನೆಗೆ ಬರುವವರು ನನಗೂ ಬೇಡ’ ಅಂತ ಅವಳು ಅಡುಗೆಮನೆಯಲ್ಲಿ ಅತ್ತಿದ್ದಾಳೆ. ಅವಳನ್ನು ಕೇಳುವವರಾರು?

ಹೋದ ತಿಂಗಳು ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ದೊಡ್ಡಪ್ಪ ಅಪ್ಪನನ್ನು ಕೇಳಿದರಂತೆ: ‘ಗೋವಿಂದು, ಆಶ್ರಮಕ್ಕೆ ಹೋಗ್ತೀಯೇನಪ್ಪ?’ ಅಪ್ಪ ‘ಹೂಂ’ ಅಂದರಂತೆ. ‘ನೋಡಿ, ತಾನಾಗಿ ಒಪ್ಪಿದ್ದಾನೆ.’ ನಿನಗೆ ಬಂದ ಒಪ್ಪಿಗೆ ಇದು, ಅಣ್ಣ. ಇಷ್ಟೇ.

ಹೋದ ಸೋಮವಾರ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೊರಟವಳು ಚಿತ್ರದ ಕಟ್ಟು ಮರೆತು ವಾಪಸ್ ಬಂದೆ. ಗೇಟಿನಲ್ಲಿ ಟ್ಯಾಕ್ಸಿ ನಿಂತಿದೆ. ಜಗಲಿಯಲ್ಲಿ ಅಪ್ಪನಿಗೆ ಹಳೆಯ ಕರೀ ಕೋಟು ತೊಡಿಸಿ ನಿಲ್ಲಿಸಿದ್ದಾರೆ. ಅಪ್ಪ ಎಡಗೈಯಲ್ಲಿ ಕಂಬ ತಬ್ಬಿಕೊಂಡಿದ್ದಾರೆ. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ. ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಲ್ಲಿ ‘ಹೂಂ, ಹೂಂ, ಹೂಂ’. ದೊಡ್ಡಪ್ಪ ಆ ಬೆರಳುಗಳನ್ನು ಬಿಡಿಸುತ್ತ, ‘ಹೂಂ ಅಂತಾನೆ ಇದ್ದೀಯಲ್ಲಪ್ಪ, ಮತ್ತೆ ಬಾ’ ಅನ್ನುತ್ತಿದ್ದರು. ಕಂಬ ತಬ್ಬಿದ ಕೈಗೆ ಅರ್ಥ ಇಲ್ಲವಂತೆ, ಬಾಯಿ ತಪ್ಪಿ ಬಂದ ಹೂಂಗೆ ಅರ್ಥ ಇದೆಯಂತೆ! ಬಿಡಿ ಕೈ ಅಂತ ಕೂಗಿದೆ. ಬೀದಿಯವರೆಲ್ಲ ನೋಡಿದರು, ನೋಡಲಿ. ಅಪ್ಪನ ಎದುರಿಗೆ ನಿಂತು ಮುಖ ಹಿಡಿದು ನನ್ನ ಹರಕು ಉರ್ದುವಿನಲ್ಲಿ ಕೇಳಿದೆ, ‘ಅಪ್ಪಾ, ಆಶ್ರಮ್ ಕೋ ಜಾತೇ?’ ಅಪ್ಪನ ‘ಹೂಂ’ ನಿಂತಿತು. ‘ನಕ್ಕೋ’ ಅಂದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ಲಾಯದಲ್ಲಿ ಗದರುತ್ತಿದ್ದ ಆ ಹಳೆಯ ದನಿಯಲ್ಲಿ, ‘ನಕ್ಕೋ! ಘರ್... ಮೇರಾ ಘರ್!’

ದೊಡ್ಡಪ್ಪ ಆದರೂ ಬಿಡಲಿಲ್ಲ. ‘ಅದು ನಮ್ಮ ಮನೆಯ ಮಾತೇ ಅಲ್ಲ, ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯೋಕಾಗಲ್ಲ’ ಅಂದರು. ಆಗ ಅಮ್ಮ ಹೊರಗೆ ಬಂದರು. ನಮ್ಮಮ್ಮ ಚೂಡಾಮಣಿ, ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಭಾವನವರ ಮುಂದೆ ಬಾಯಿ ಬಿಟ್ಟವರಲ್ಲ, ಬಾಗಿಲ ಸಂದಿಯಿಂದ ಮಾತಾಡಿದವರು. ಸೆರಗು ಸರಿಮಾಡಿಕೊಂಡು ದೊಡ್ಡಪ್ಪನ ಎದುರಿಗೇ ನಿಂತರು. ‘ಭಾವನವರೇ, ಅವರು ಒಲ್ಲೆ ಅಂದರು. ನನಗೆ ಕೇಳಿಸಿತು.’ ಅಷ್ಟೇ. ಟ್ಯಾಕ್ಸಿಯವನ ಕಡೆ ತಿರುಗಿ, ‘ನೀನು ಹೋಗಪ್ಪ’ ಅಂದರು. ಅವನು ಹೋದ. ಅಪ್ಪನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಒಳಗೆ ಕರೆದುಕೊಂಡು ಹೋದರು.

ಅವತ್ತಿನಿಂದ ದೊಡ್ಡಪ್ಪ ನಮ್ಮ ಜೊತೆ ಮಾತಾಡಿಲ್ಲ. ಇವನು ಇರುವವರೆಗೆ ಈ ಮನೆಯಲ್ಲಿ ಶುಭಕಾರ್ಯ ಇಲ್ಲ ಅಂತ ಪಕ್ಕದ ಮನೆಯವರಿಗೆ ಕೇಳುವ ಹಾಗೆ ಹೇಳಿದ್ದಾರೆ. ಅಮ್ಮ ಪಾತ್ರೆ ಕಟ್ಟಿಸಿದರು. ತಿಲಕ್‌ನಗರದಲ್ಲಿ ಒಂದು ಸಣ್ಣ ಮನೆ ಸಿಕ್ಕಿದೆ, ಎರಡು ಕೋಣೆ, ಮುಂದೆ ಜಗಲಿ. ಶುಕ್ರವಾರ ಹೋಗುತ್ತೇವೆ. ಖಾಸಿಂ ಸಾಬರ ಮನೆ ಅಲ್ಲಿಗೆ ಹತ್ತಿರ, ಅವರನ್ನು ಗೇಟಿನಲ್ಲಿ ತಡೆಯುವವರು ಇರುವುದಿಲ್ಲ. ನಾನು ಬರೆದ ಮೊದಲ ಅಧ್ಯಾಯವನ್ನು ಪ್ರೊಫೆಸರರು ವಾಪಸ್ ಕೊಟ್ಟಿದ್ದಾರೆ, ಸ್ವಂತ ತಂದೆಯ ಮೇಲೆ ಮಾಡಿದ್ದು ಸಂಶೋಧನೆಯಾಗದು ಅಂತ. ಆಯಿತು, ಈಗ ವಾರ್ಡಿನಲ್ಲಿ ಪ್ರತಿಯೊಬ್ಬರ ಮನೆಯವರನ್ನೂ ಮೊದಲು ಇದನ್ನೇ ಕೇಳುತ್ತೇನೆ: ಇವರು ಯಾರ ಜೊತೆ ಯಾವ ಭಾಷೆಯಲ್ಲಿ ಹರಟುತ್ತಿದ್ದರು, ಯಾವ ಭಾಷೆಯಲ್ಲಿ ಜಗಳ ಆಡುತ್ತಿದ್ದರು? ಇಷ್ಟು ದಿನ ಯಾರೂ ಕೇಳಿಯೇ ಇರಲಿಲ್ಲ. ತಮಿಳು ಬಲ್ಲವರು, ತೆಲುಗು ಬಲ್ಲವರು ಆಗಲೇ ಕೆಲವರು ಸಿಕ್ಕಿದ್ದಾರೆ. ಪ್ರೊಫೆಸರರು ಇದಕ್ಕೂ ಅಲ್ಲ ಅನ್ನಲಿ, ನೋಡೋಣ.

ಕಾಗದ ಒರಟಾಗಿದ್ದರೆ ಇರಲಿ, ಮೆತ್ತಗೆ ಬರೆಯುವಷ್ಟು ತಾಳ್ಮೆ ಈಗ ನನ್ನಲ್ಲಿ ಇಲ್ಲ. ಅತ್ತಿಗೆಗೆ ನನ್ನ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಅತ್ತೆಯ ಮುತ್ತು. ಅಮ್ಮ ನಿಮ್ಮೆಲ್ಲರನ್ನೂ ಹರಸಿದ್ದಾರೆ. ನಿನ್ನ ಮೇಲೆ ಸಿಟ್ಟು ಮಾಡಬೇಡ ಅಂತ ನನಗೂ ಹೇಳಿದ್ದಾರೆ.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ತಂಗಿ,
ಭಾನುಮತಿ

ತಾ.ಕ.: ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಣ್ಣ, ನನ್ನ ಉರ್ದು ನಾಲ್ಕು ಮಾತಿಗೆ ಮುಗಿದುಹೋಗುತ್ತದೆ. ಆಮೇಲೂ ಅಪ್ಪ ನನ್ನ ಮುಖವನ್ನೇ ನೋಡುತ್ತಾರೆ, ಇನ್ನೂ ಏನೋ ಹೇಳುವುದಿದೆ, ನನಗೆ ತಿಳಿಯುವುದಿಲ್ಲ. ನೀನು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆಲಸಗಾರರ ಜೊತೆ ಹಿಂದೂಸ್ತಾನಿಯಲ್ಲೇ ಮಾತಾಡುವವನು. ಈ ಮನೆಯಲ್ಲಿ ಹುಟ್ಟಿದವರಲ್ಲಿ ಅಪ್ಪನ ಜೊತೆ ಈಗ ಮನಬಿಚ್ಚಿ ಮಾತಾಡಬಲ್ಲವನು ನೀನೊಬ್ಬನೇ. ರಜ ಹಾಕಿ ಬಾ. ಬಂದು ಅಪ್ಪನ ಪಕ್ಕ ಕೂತು ನೀನೇ ಕೇಳು.